ಭೇಷ್ ಅನ್ನುವ ಪೆಟ್ಟಿಗೆ

ನಮ್ಮೂರಿನಲ್ಲಿ ಯಾರಿಗಾದರೂ ಒಂದು ಒಳ್ಳೆಯ ಮಾತು ಹೇಳುವ ಮುಂಚೆ ಅವರ ತಲೆಯ ಮೇಲೆ ಸೂರು ಇದೆಯೇ ಎಂದು ನೋಡಿಕೊಳ್ಳಬೇಕು. ಹೊಗಳಿದರೆ ಜನ ಮೇಲೇಳುತ್ತಾರೆ. ಸಾರು ಚೆನ್ನಾಗಿದೆ ಎಂದರೆ ಸಾರು ಮಾಡಿದವಳ ಹಿಮ್ಮಡಿ ನೆಲ ಬಿಡುತ್ತದೆ. ಇಂಥ ಸಾರು ಜನ್ಮದಲ್ಲೇ ಉಂಡಿಲ್ಲ ಎಂದರೆ ಅವಳ ತಲೆ ಹೋಗಿ ತೊಲೆಗೆ ತಾಗುತ್ತದೆ. ಆಮೇಲೆ ಉಪ್ಪು ಜಾಸ್ತಿ, ಹುಳಿ ಕಮ್ಮಿ ಎಂದು ಏನಾದರೂ ಬೈದು ಅವಳನ್ನು ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಮಜ್ಜಿಗೆ ಬಡಿಸುವವರಿರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಯಾರೂ ಯಾರನ್ನೂ ಸುಮ್ಮಸುಮ್ಮನೆ ಹೊಗಳುವುದಿಲ್ಲ. ಬಸ್ ನಿಲ್ದಾಣದ ಹೋಟೆಲಿನ ಮುಂದೆ ‘ಇಲ್ಲಿ ಊಟ ತಿನ್ನುವ ಹಾಗಿರುತ್ತದೆ’ ಎಂದು ಬೋರ್ಡು ಹಾಕಿದ್ದಾರೆ. ಹೆಣ್ಣು ತೋರಿಸುವಾಗ ಹುಡುಗಿಯ ಅಪ್ಪನೇ, ಅಡುಗೆ ಬರುವುದಿಲ್ಲ, ಮೂಗಿನ ತುದಿಯಲ್ಲೇ ಕೋಪ ಎಂದು ಮಾತು ಶುರುಮಾಡುತ್ತಾನೆ. ಹೊಸದಾಗಿ ಮದುವೆಯಾದವರ ಕೋಣೆಯ ಕಿಟಕಿಯನ್ನು ಹಿರಿಯರೇ ಬಂದು ಹೊರಗಿನಿಂದ ಭದ್ರಪಡಿಸಿ ಹೋಗುತ್ತಾರೆ, ಒಳಗೆ ಏನೇನು ಮಾತು ಬರುತ್ತದೋ ಯಾರಿಗೆ ಗೊತ್ತು. ಸತ್ತವರ ಗುಣಗಾನ ಏನಿದ್ದರೂ ಮಣ್ಣು ಮುಚ್ಚಿದ ಮೇಲೆ. ದೇವರನ್ನು ಮಾತ್ರ ದಿನಕ್ಕೆ ಎರಡು ಹೊತ್ತು ಹೊಗಳುತ್ತೇವೆ, ಅವನು ಕದಲಿದ್ದಿಲ್ಲ. ಕಲ್ಲು ಭಾರ ಎನ್ನುವವರಿದ್ದಾರೆ. ನಮ್ಮ ಮಾತನ್ನು ಅವನು ನಂಬುವುದಿಲ್ಲ ಎನ್ನುವವರೂ ಇದ್ದಾರೆ.

ನಾನು ಈ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಟೀಚರು, ಹೆಸರು ಜಲಜಾಕ್ಷಿ. ಹಗಲು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಬೆಳಗಿನವರು ಕೂತೆದ್ದ ಬೆಂಚು, ಬೆಳಗಿನವರಿಗೆ ಪಾಠ ಹೇಳಿ ಗಂಟಲು ಕಟ್ಟಿದ ಮೇಷ್ಟ್ರು. ಹೀಗಾಗಿ ನಾನು ಕಲಿತದ್ದರಲ್ಲಿ ಏನೋ ಒಂದು ಮುಖ್ಯವಾದದ್ದು ಬೆಳಗ್ಗೆಯೇ ಖರ್ಚಾಗಿಹೋಗಿತ್ತು ಎಂಬ ಅನುಮಾನ ಇವತ್ತಿಗೂ ಇದೆ. ಮಕ್ಕಳ ಪ್ರಬಂಧಕ್ಕೆ ಅಂಕ ಕೊಟ್ಟು ಮನೆಗೆ ಬಂದ ಮೇಲೆ, ಅರ್ಧ ಅಂಕ ಕಡಿಮೆ ಕೊಟ್ಟೆನೇನೋ ಎಂದು ವಾಪಸು ಹೋಗಿ ಶಾಲೆಯ ಬೀಗ ತೆಗೆಸಿದ್ದೂ ಉಂಟು. ಕೆಲಸ ತಾತ್ಕಾಲಿಕ. ಪ್ರತಿ ವರ್ಷ ಬೇಸಿಗೆಯಲ್ಲಿ ಅದು ನಿಂತುಹೋಗಿ, ಮತ್ತೆ ಜೂನಿನಲ್ಲಿ ಯಾರಾದರೂ ನೆನಪು ಮಾಡಿದರೆ ಶುರುವಾಗುತ್ತಿತ್ತು. ಅದು ಖಾಯಂ ಆಗಲಿ ಎನ್ನುವುದೊಂದೇ ನನ್ನ ಆಸೆ. ನನಗೆ ಬರುವ ಒಂದೇ ಕೆಲಸ ಅದು. ಬರುತ್ತದೆ ಎಂದು ನಾನು ಅಂದುಕೊಂಡಿದ್ದೇನೆ ಎನ್ನುವುದು ಹೆಚ್ಚು ಸರಿ.

ಶಾಲಾ ಸಮಿತಿಯ ಅಧ್ಯಕ್ಷರು ಶಂಕರಲಿಂಗಪ್ಪನವರು, ಲಾರಿಗಳ ಮಾಲೀಕರು. ಅವರ ವಿಷಯ ಸ್ವಲ್ಪ ಹೇಳಬೇಕು. ಊರಿನ ನಿಯಮ ಅವರ ಅಂಗಳದಲ್ಲಿ ನಡೆಯುತ್ತಿರಲಿಲ್ಲ. ಸುತ್ತಮುತ್ತ ಯಾವಾಗಲೂ ನಾಲ್ಕು ಜನ ಇದ್ದು ಅವರನ್ನು ಹೊಗಳುತ್ತಿದ್ದರು, ಬೈಯುವ ಧೈರ್ಯ ಯಾರಿಗೂ ಇರಲಿಲ್ಲ. ಹೀಗಾಗಿ ಅವರು ಸದಾ ನೆಲದಿಂದ ಒಂದು ಮೊಳ ಮೇಲೆಯೇ ಇರುತ್ತಿದ್ದರು. ಪಂಚೆಯನ್ನು ಅದಕ್ಕೆ ತಕ್ಕಂತೆ ಉದ್ದ ನೇಯಿಸಿದ್ದರು. ಗುಮಾಸ್ತನ ಹೆಗಲ ಮೇಲೆ ಕೈ ಇಟ್ಟರೆ, ಅವನು ನಡೆದ ಕಡೆಗೆ ಇವರೂ ತೆಪ್ಪದ ಹಾಗೆ ಹೋಗುತ್ತಿದ್ದರು. ನಾವೆಲ್ಲ ಅವರನ್ನು ಎತ್ತರದ ಆಳು ಎನ್ನುತ್ತಿದ್ದೆವು. ಶಾಲೆಯ ಆಫೀಸಿನ ಬಾಗಿಲು ಒಂದು ಸಲ ಅವರ ತಲೆಗೆ ತಾಗಿದ್ದಕ್ಕೆ ಗೋಡೆ ಒಡೆದು ಚೌಕಟ್ಟನ್ನು ಎತ್ತರಿಸಲಾಗಿತ್ತು.

ಆ ವರ್ಷ ಅವರು ಶಾಲೆಗೆ ಒಂದು ದೊಡ್ಡ ಪರದೆ, ಒಂದು ಸ್ಪೀಕರು, ಮಕ್ಕಳಿಗೆಲ್ಲ ಒಂದೊಂದು ಟ್ಯಾಬ್ ದಾನ ಮಾಡಿದರು. ಪಕ್ಕದ ಜಿಲ್ಲೆಯಲ್ಲಿ ಆನ್‌ಲೈನಿನಲ್ಲೇ ಪಾಠ ನಡೆಯುತ್ತದಂತೆ, ಮೇಷ್ಟ್ರ ಖರ್ಚೇ ಇಲ್ಲವಂತೆ ಎಂದು ಯಾರೋ ಅವರಿಗೆ ಹೇಳಿದ್ದರು. ನನ್ನನ್ನು ಕರೆಸಿ ಮೇಲಿನಿಂದ ನೋಡುತ್ತಾ ಹೇಳಿದರು:

“ನೋಡಮ್ಮಾ ಜಲಜಾಕ್ಷಿ, ಕನ್ನಡ ಕಲಿಸೋ ಆಟ, ಆ್ಯಪು, ಏನೇನೋ ಬಂದವಂತೆ. ನೀನೇ ಒಂದೊಂದಾಗಿ ಹಾಕಿ ಪರೀಕ್ಷೆ ಮಾಡು. ಒಳ್ಳೇದು ಸಿಕ್ಕಿದ್ರೆ ದಸರಾ ರಜೆ ಕಳೆದ ಮೇಲೆ ನೀನು ಬರೋ ತೊಂದರೆ ತಗೋಬೇಡ. ಸಿಕ್ಕದಿದ್ರೆ ನಿನ್ನನ್ನೇ ಖಾಯಂ ಮಾಡ್ಕೊಳಾಣ.”

ಹೊರಗೆ ಬಂದ ಮೇಲೆ ಹೆಡ್‌ಮಿಸ್ ಫಿಲೋಮಿನಾ ನನ್ನ ಮೊಣಕೈ ಹಿಡಿದುಕೊಂಡು, ಇದಕ್ಕಿಂತ ಸುಲಭದ ಕೆಲಸ ದೇವರೇ ಬಂದರೂ ಕೊಡಲಾರ, ಹದಿನೈದು ದಿನ ಬಿಟ್ಟು ಯಾವುದೂ ಸರಿಯಿಲ್ಲ ಎಂದು ಒಂದು ಸಾಲು ಬರೆದು ಕೊಡಿ ಎಂದರು. ನಾನು ಹಾಗೆ ಮಾಡಬಹುದಿತ್ತು. ಆದರೆ ಪರೀಕ್ಷೆ ಮಾಡದೆ ಫಲಿತಾಂಶ ಬರೆಯುವುದು ಹೇಗೆ? ಅಲ್ಲದೆ ಆ ಆ್ಯಪುಗಳು ನಿಜವಾಗಿ ನನಗಿಂತ ಚೆನ್ನಾಗಿ ಕಲಿಸಿದರೆ, ಮಕ್ಕಳಿಗೆ ಮೋಸ ಮಾಡಿದವಳು ನಾನಾಗುತ್ತೇನೆ. ಇದನ್ನು ಹೇಳಿದಾಗ ಫಿಲೋಮಿನಾ ಮಿಸ್ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೋದರು.

ಮೊದಲು ಸಿಕ್ಕಿದ್ದು ಕುದುರೆ ಓಡಿಸುವ ಪ್ರಶ್ನೋತ್ತರದ ಆಟ. ಸರಿಯಾದ ಉತ್ತರ ಒತ್ತಿದರೆ ನಮ್ಮ ಕುದುರೆ ಮುಂದೆ ಹೋಗುತ್ತದೆ. ಮಕ್ಕಳಿಗೆ ಕೊಡುವ ಮುಂಚೆ ನನ್ನ ಮೇಲೆಯೇ ಪ್ರಯೋಗ ಮಾಡಬೇಕೆಂದು ಮನೆಗೆ ತಂದೆ. ಬಾಗಿಲು, ಕಿಟಕಿ ಮುಚ್ಚಿದೆ. ನಾನು ಮೇಲೆದ್ದರೆ ಹಿಡಿದುಕೊಳ್ಳಲಿ ಎಂದು ಅಮ್ಮನ ಕೈಗೆ ಸೆರಗಿನ ತುದಿ ಕೊಟ್ಟೆ. ನಮ್ಮಮ್ಮ ಕೆಂಚಮ್ಮ ಅವರೆಕಾಯಿ ಸುಲಿಯುವುದನ್ನು ಬಿಡದೆ ಇನ್ನೊಂದು ಕೈಯಲ್ಲಿ ಸೆರಗು ಹಿಡಿದಳು. ಮೊದಲನೆಯ ಉತ್ತರಕ್ಕೇ ಪರದೆಯ ಮೇಲೆ ಪಟಾಕಿ ಸಿಡಿದು, ರೈಲು ತಡವಾಗಿದೆ ಎಂದು ಹೇಳುವ ಹೆಂಗಸಿನ ದನಿಯಲ್ಲಿ, “ಭೇಷ್! ನೀವು ಅದ್ಭುತ! ನೀವು ಬೆಂಕಿಯಲ್ಲಿದ್ದೀರಿ!” ಎಂದಿತು. ಅಮ್ಮ ಗಾಬರಿಯಿಂದ ಒಲೆಯ ಕಡೆ ನೋಡಿದಳು. ನಾನು ನನ್ನ ಕಾಲು ನೋಡಿಕೊಂಡೆ. ನೆಲದ ಮೇಲೆಯೇ ಇತ್ತು. ಬೇಕೆಂದೇ ತಪ್ಪು ಉತ್ತರ ಒತ್ತಿದೆ. “ಸೊಗಸಾದ ಪ್ರಯತ್ನ! ನಿಮ್ಮಂಥವರು ಅಪರೂಪ!” ಎಂದಿತು. ಆಗಲೂ ಏನೂ ಆಗಲಿಲ್ಲ. ಮೂರು ಸಂಜೆ ಹೊಗಳಿಸಿಕೊಂಡೆ. ಸೆರಗು ಒಂದು ಸಲವೂ ಬಿಗಿಯಾಗಲಿಲ್ಲ. ಯಂತ್ರಕ್ಕೆ ಉಸಿರಿಲ್ಲ, ಉಸಿರಿಲ್ಲದ ಮಾತಿಗೆ ಎತ್ತುವ ಶಕ್ತಿ ಎಲ್ಲಿಂದ ಬರಬೇಕು ಎಂದು ಅಮ್ಮ ತೀರ್ಮಾನ ಹೇಳಿದಳು. ನನಗೂ ಅದು ಸರಿಯೆನಿಸಿತು. ‘ಅಪಾಯವಿಲ್ಲ’ ಎಂದು ಬರೆದು ಸಹಿ ಮಾಡಿದೆ.

ಎಂಟನೇ ತರಗತಿಯಲ್ಲಿ ಆಟ ಶುರುವಾದಾಗ ನಾನು ಕಪ್ಪುಹಲಗೆಯ ಕಡೆ ತಿರುಗಿ ತಾರೀಖು ಬರೆಯುತ್ತಿದ್ದೆ. ಹಿಂದೆ ಟ್ಯಾಬುಗಳೆಲ್ಲ ಒಟ್ಟಿಗೆ ಭೇಷ್ ಭೇಷ್ ಎನ್ನುವುದು ಕೇಳಿಸಿತು. ಆಮೇಲೆ ಬೆಂಚುಗಳು ಕಿರುಗುಟ್ಟಿದವು. ಆಮೇಲೆ ಏನೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ತರಗತಿ ಖಾಲಿ, ನೆಲದ ಮೇಲೆ ಚಪ್ಪಲಿಗಳು. ಮಕ್ಕಳು ಹೆಂಚಿನ ಕೆಳಗೆ ಕಟ್ಟಿದ್ದ ತೆಂಗಿನ ನಾರಿನ ಬಲೆಗೆ ಬೆನ್ನು ಹಚ್ಚಿಕೊಂಡು, ಟ್ಯಾಬು ಬಿಡದೆ ಆಡುತ್ತಲೇ ಇದ್ದರು. ಇಂಥದ್ದಕ್ಕೆಂದೇ ನಮ್ಮ ಶಾಲೆಯಲ್ಲಿ ಸೀಲಿಂಗ್ ಫ್ಯಾನ್ ಇಲ್ಲ, ಬಲೆ ಇದೆ. ಆದರೆ ಆ ಬಲೆ ಅಪ್ಪಿತಪ್ಪಿ ಎದ್ದ ಒಬ್ಬಿಬ್ಬರಿಗೆ ಕಟ್ಟಿದ್ದು, ಇಡೀ ತರಗತಿಗಲ್ಲ. ಮೊಳೆಗಳು ಒಂದೊಂದಾಗಿ ಸಡಿಲುತ್ತಿದ್ದವು. ಓದಿನಲ್ಲಿ ಎಲ್ಲರಿಗಿಂತ ಹಿಂದೆ ಇದ್ದ ತಿಪ್ಪೇಶ ಎಲ್ಲರಿಗಿಂತ ಮೇಲಿದ್ದ. ಅವನು ಒಂದಕ್ಕೂ ಸರಿಯುತ್ತರ ಕೊಟ್ಟಿರಲಿಲ್ಲ. ಪ್ರತಿ ತಪ್ಪಿಗೂ ಅವನಂಥವರು ಅಪರೂಪ ಎಂದು ಅದು ಹೇಳಿತ್ತು, ಅವನು ನಂಬಿದ್ದ.

ನಾನು ಬೈಯಲು ನೋಡಿದೆ. ನನಗೆ ಬೈಯಲು ಬರುವುದಿಲ್ಲ. “ಮಕ್ಕಳೇ, ನೀವು ಅಷ್ಟೇನೂ ಜಾಣರಲ್ಲ ಎಂದು ನನಗನ್ನಿಸುತ್ತದೆ, ನನ್ನದೇ ತಪ್ಪಿರಲೂಬಹುದು” ಎಂದೆ. ಒಬ್ಬರೂ ಕದಲಲಿಲ್ಲ. ಕೊನೆಗೆ ಫಿಲೋಮಿನಾ ಮಿಸ್ ಗಂಟೆ ಹೊಡೆಸಿ ತಾಯಂದಿರನ್ನು ಕರೆಸಿದರು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ತಮ್ಮ ಮಗುವಿನ ನೇರ ಕೆಳಗೆ ನಿಂತು ಶುರುಮಾಡಿದರು. ಹಲ್ಲುಜ್ಜದ್ದು, ಹಾಲು ಚೆಲ್ಲಿದ್ದು, ದೊಡ್ಡಪ್ಪನ ಮಗನಿಗೆ ಹೋಲಿಸಿದ್ದು ಎಲ್ಲ ಬಂತು. ಮಕ್ಕಳು ಹಣ್ಣಿನ ಹಾಗೆ ಉದುರಿ ತಾಯಂದಿರ ಮಡಿಲಿಗೆ ಬಿದ್ದರು. ಇಳಿಸಿಕೊಂಡ ಮೇಲೂ ಕೆಲವರಿಗೆ ಬೈಗುಳ ಮಿಕ್ಕಿತ್ತು. ಅದನ್ನು ನನಗೆ ಕೊಟ್ಟು ಹೋದರು.

ಮನೆಗೆ ಬಂದು ಅಮ್ಮನ ಮುಂದೆ ಕೂತು, ಹೀಗೇಕಾಯಿತು, ನನ್ನನ್ನು ಎತ್ತಲಾರದ್ದು ಅವರನ್ನು ಹೇಗೆ ಎತ್ತಿತು ಎಂದು ಕೇಳಿದೆ. ಅಮ್ಮ ನನ್ನನ್ನೇ ಹೊಸದಾಗಿ ನೋಡುವವಳ ಹಾಗೆ ನೋಡಿದಳು.

“ಅದು ಹೇಳಿದ್ದು ನಿನ್ನ ಕಿವಿಗೆ ಹೋದ್ರೆ ತಾನೆ. ನಾನು ಹೇಳಿದ್ರೂ ಅಷ್ಟೆ, ಅದ್ಯಾರು ಹೇಳಿದ್ರೂ ಅಷ್ಟೆ, ಇದು ಬೇರೆ ಯಾರಿಗೋ ಹೇಳ್ತಾವ್ರೆ ಅಂತ ಹಿಂದೆ ತಿರುಗಿ ನೋಡೋಳು ನೀನು. ನಿನ್ನ ಮೇಲೆ ಪರೀಕ್ಷೆ ಮಾಡಿದ್ದು, ಬಿಸಿನೀರು ಕಾದಿದೆಯಾ ಅಂತ ಬೂಟ್ಸು ಹಾಕ್ಕೊಂಡು ಇಳಿದಂಗಾಯ್ತು.”

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಕೆಲಸ ನನ್ನದಾಗಿತ್ತು. ಮೊಳೆ ಕಿತ್ತ ಬಲೆಯೇ ಸಾಕ್ಷಿ. ಫಿಲೋಮಿನಾ ಮಿಸ್ ಕಾಗದ, ಪೆನ್ನು ಎರಡನ್ನೂ ನನ್ನ ಮುಂದೆ ಇಟ್ಟು ಕಾದರು. ಆದರೆ ಕೆಟ್ಟದ್ದು ನನ್ನ ಪರೀಕ್ಷೆಯೇ ಹೊರತು ಆಟ ಪೂರ್ತಿ ಕೆಟ್ಟದ್ದಲ್ಲ. ಆ ಒಂದು ತರಗತಿಯಲ್ಲಿ ಮಕ್ಕಳು ನಾನು ಒಂದು ತಿಂಗಳಿನಲ್ಲಿ ಬಿಡಿಸುವಷ್ಟು ಪ್ರಶ್ನೆ ಬಿಡಿಸಿದ್ದರು, ಅದೂ ಮಲಗಿಕೊಂಡು. ಇನ್ನೊಂದು ಅವಕಾಶ ಕೊಡದೆ ಅದನ್ನು ತಳ್ಳಿಹಾಕಿದರೆ ಅದರ ಲಾಭ ಆಗುವುದು ನನಗೆ ಮಾತ್ರ. ಕಾಗದವನ್ನು ಖಾಲಿಯೇ ವಾಪಸು ಕೊಟ್ಟು, ಹೊಗಳದೆ ಕಲಿಸುವಂಥದ್ದು ಇನ್ನೊಂದು ಇದೆಯೇ ಎಂದು ಹುಡುಕಿದೆ.

ಎರಡನೆಯದು ಓದಿದ್ದನ್ನು ಕೇಳಿಸಿಕೊಂಡು ನಕ್ಷತ್ರ ಕೊಡುವ ಆ್ಯಪು. ಅದರಲ್ಲಿ ಹೊಗಳಿಕೆ ನಿಲ್ಲಿಸುವ ಗುಂಡಿ ಹುಡುಕಿದೆ. ಹೊಗಳಿಕೆ ಬಿಟ್ಟಿ, ಹೊಗಳದೆ ಇರಬೇಕಾದರೆ ದುಡ್ಡು ಕಟ್ಟಬೇಕಿತ್ತು. ಮೂರನೆಯದು ಏನು ಕೇಳಿದರೂ ಉತ್ತರ ಹೇಳುವ, ಪ್ರಬಂಧ ತಿದ್ದುವ ಪೆಟ್ಟಿಗೆ. ಪೆಟ್ಟಿಗೆ ಎಂದರೆ ಪೆಟ್ಟಿಗೆಯೇನಲ್ಲ, ಸ್ಪೀಕರಿನಿಂದ ಮಾತು ಬರುತ್ತಿದ್ದರಿಂದ ನಮ್ಮಲ್ಲಿ ಎಲ್ಲರೂ ಹಾಗೆ ಕರೆದರು. ಇದಕ್ಕೆ ಬುದ್ಧಿ ಹೆಚ್ಚು, ಹೇಳಿದ್ದನ್ನು ಕೇಳುತ್ತಿತ್ತು. ನಮ್ಮೂರಿನ ಪರಿಸ್ಥಿತಿ ವಿವರಿಸಿ, ದಯವಿಟ್ಟು ಮಕ್ಕಳನ್ನು ಹೊಗಳಬೇಡ, ಆಗಾಗ ಸ್ವಲ್ಪ ಬೈಯಬೇಕು ಎಂದು ಬರೆದೆ. “ಎಷ್ಟು ಸೂಕ್ಷ್ಮವಾದ ಸಲಹೆ! ನಿಮ್ಮ ಕಾಳಜಿ ಮನಮುಟ್ಟುವಂಥದ್ದು” ಎಂದಿತು. ಮೊದಲ ಸಲ ಬೈದು ತೋರಿಸು ಎಂದಾಗ, “ಕ್ಷಮಿಸಿ, ನೀವು ಒಂದಿಷ್ಟು ಪೆದ್ದರಿರಬಹುದು, ಆದರೆ ಅದೂ ಒಂದು ಬಗೆಯ ಸೊಗಸು” ಎಂದಿತು. ಅಮ್ಮನಿಗೆ ತಡೆಯಲಾಗಲಿಲ್ಲ. ಮೊರ ಪಕ್ಕಕ್ಕಿಟ್ಟು, ನಾನು ಬೈದು ತೋರಿಸಲೇ ಎಂದು ಕೇಳಿ, ಬಾಯಿ ತೆರೆದಳು.

ನಮ್ಮಮ್ಮ ಬೈಗುಳಕ್ಕೆ ಊರಲ್ಲಿ ಹೆಸರಾದವಳು. ಹೆರಿಗೆಯಾದ ಮನೆಯಲ್ಲಿ ನೆಂಟರ ಮಾತಿಗೆ ಬಾಣಂತಿ ಮೇಲೆದ್ದರೆ ಅವಳನ್ನೇ ಕರೆದುಕೊಂಡು ಹೋಗುತ್ತಿದ್ದರು. ನೋವಾಗದ ಹಾಗೆ, ನಗು ಬರುವ ಹಾಗೆ ಇಳಿಸುತ್ತಿದ್ದಳು. ಒಂದು ವಾರ ಅವಳು ಹೇಳಿದ್ದನ್ನೆಲ್ಲ ನಾನು ಟೈಪು ಮಾಡಿದೆ. ಪೆಟ್ಟಿಗೆ ಕಲಿಯಿತು. ನಾನು ಕಲಿತದ್ದಕ್ಕಿಂತ ಎಷ್ಟೋ ಬೇಗ ಕಲಿಯಿತು.

ಅಲ್ಲಿಂದ ಮುಂದಿನ ಎರಡು ವಾರ ಎಂಟನೇ ತರಗತಿ ಹೇಗೆ ನಡೆಯಿತೆಂದರೆ, ಮಕ್ಕಳು ಆಟದ ಪೀರಿಯಡ್ಡು ಬಿಟ್ಟು ಕನ್ನಡಕ್ಕೆ ಬಂದರು. ಸರಿ ಬರೆದವರಿಗೆ ಪೆಟ್ಟಿಗೆ ಭೇಷ್ ಎನ್ನುತ್ತಿತ್ತು, ಅವರು ಬೆಂಚಿನಿಂದ ಏಳುತ್ತಿದ್ದರು. ಅಷ್ಟರಲ್ಲಿ ಅದೇ ರೈಲ್ವೆಯ ದನಿಯಲ್ಲಿ, “ಹಿಗ್ಗಬೇಡ ಹೀರೇಕಾಯಿ, ಅಕ್ಷರ ನೋಡು, ಕೋಳಿ ಕೆದರಿದ ತಿಪ್ಪೆ ಹಾಗಿದೆ” ಎನ್ನುತ್ತಿತ್ತು, ಕೂರುತ್ತಿದ್ದರು. ದಾಕ್ಷಾಯಿಣಿ ಎಂಬ ಹುಡುಗಿ ಬೈಸಿಕೊಳ್ಳುವುದಕ್ಕೆಂದೇ ದಿನಕ್ಕೆರಡು ಪ್ರಬಂಧ ಬರೆದಳು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ನೋಡಿದೆ. ನನ್ನ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಇದು ನನಗಿಂತ ಚೆನ್ನಾಗಿ ಕಲಿಸುತ್ತದೆ. ಬರೆದು, ಒಂದು ಸಲ ‘ಬಹುಶಃ’ ಸೇರಿಸಿದೆ, ಆಮೇಲೆ ಹೊಡೆದುಹಾಕಿದೆ. ಫಿಲೋಮಿನಾ ಮಿಸ್ ಅದನ್ನು ಓದಿ, ತನ್ನ ಕೊರಳಿಗೆ ತಾನೇ ಹಗ್ಗ ಹೊಸೆಯುವವರನ್ನು ನೋಡಿದ್ದೇನೆ, ಅದಕ್ಕೆ ಎಣ್ಣೆ ಹಚ್ಚಿ ನುಣುಪು ಮಾಡುವವರನ್ನು ಇವತ್ತೇ ನೋಡಿದ್ದು ಎಂದರು.

ದಸರಾ ರಜೆಗೆ ಮುಂಚೆ ಸಮಿತಿಯವರು ಪೆಟ್ಟಿಗೆಯನ್ನು ನೋಡಲು ಬಂದರು. ಅಧ್ಯಕ್ಷರು ಗುಮಾಸ್ತನ ಹೆಗಲು ಹಿಡಿದು ತೇಲಿಕೊಂಡು ಬಂದು, ಪರದೆಯ ಮುಂದೆ ನಿಂತರು. ಮಕ್ಕಳು ಮಾಡಿ ತೋರಿಸಿದರು. ಅಧ್ಯಕ್ಷರಿಗೆ ಬಹಳ ಹಿಡಿಸಿತು. ನನ್ನ ವರದಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಇನ್ನು ಈಯಮ್ಮನಿಗೆ ಒಂದು ಹಾರ ತರಿಸಿ ಎಂದರು. ಹಾರ ಎಂದರೆ ಕೆಲಸದಿಂದ ಕಳಿಸುವುದು ಎಂದು ಎಲ್ಲರಿಗೂ ಅರ್ಥವಾಯಿತು. ಅಷ್ಟಕ್ಕೆ ಹೊರಟಿದ್ದರೆ ಆಗಿತ್ತು. ಹೊರಡುವ ಮುಂಚೆ, ಶಾಲಾ ವಾರ್ಷಿಕೋತ್ಸವಕ್ಕೆ ಬರೆಸಿದ ಭಾಷಣ ಜೇಬಿನಲ್ಲೇ ಇದೆ, ಇದಕ್ಕೇನು ಹೇಳುತ್ತದೋ ನೋಡೋಣ ಎಂದು ಕಾಗದ ಬಿಡಿಸಿದರು. ನಾನು ಬೇಡ ಎನ್ನಲು ಬಾಯಿ ತೆರೆದೆ. ಬೇಡ ಎಂದರೆ ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡಾರು ಅನ್ನಿಸಿ ಮುಚ್ಚಿಕೊಂಡೆ.

ಅವರು ಮೈಕಿನ ಹತ್ತಿರ ಬಾಯಿಟ್ಟು ಓದಿದರು. ಜ್ಞಾನಸೂರ್ಯ, ವಿದ್ಯೆಯ ಹೆಬ್ಬಾಗಿಲು, ತ್ಯಾಗದ ಹಿಮಾಲಯ ಎಲ್ಲ ಇತ್ತು. ಮುಗಿದ ಮೇಲೆ ಸಮಿತಿಯವರು ಚಪ್ಪಾಳೆ ತಟ್ಟಿದರು, ಅಧ್ಯಕ್ಷರು ಇನ್ನೊಂದು ಗೇಣು ಮೇಲೆ ಹೋದರು. ಪೆಟ್ಟಿಗೆ ಒಂದು ಕ್ಷಣ ಯೋಚಿಸಿ ಹೇಳಿತು:

“ಏನಯ್ಯಾ, ಇದು ಭಾಷಣವೋ ಮದುವೆ ಮನೆ ಶಾಮಿಯಾನವೋ? ಮೇಲೆಲ್ಲ ಬಣ್ಣದ ಬಟ್ಟೆ, ಕೆಳಗೆ ಒಂದು ತುತ್ತು ಅನ್ನ ಇಲ್ಲ. ಸೂರ್ಯ ಅಂದೆ, ಹಿಮಾಲಯ ಅಂದೆ, ಕೊನೆಗೆ ನೀನು ಹೇಳಿದ್ದು ನೀನು ದೊಡ್ಡವನು ಅಂತ. ಅದೊಂದು ಮಾತಿಗೆ ಇಷ್ಟು ಕಾಗದ ಯಾಕೆ ಕೆಡಿಸಿದೆ, ಊದಿದ ಪೂರಿ?”

ಅಧ್ಯಕ್ಷರು ಬಿದ್ದರು. ಬೀಳುವ ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಪಂಚೆ ಸುತ್ತಲೂ ಗುಡ್ಡೆಯಾಗಿ ಬಿತ್ತು, ಅದರ ನಡುವೆ ಅವರು ನಿಂತಿದ್ದರು, ನನ್ನ ಭುಜದಷ್ಟು ಎತ್ತರ. ಹಿಂದಿನ ಬೆಂಚಿನಿಂದ ತಿಪ್ಪೇಶ ಕತ್ತು ಉದ್ದಮಾಡಿ ನೋಡಿ, ಅಧ್ಯಕ್ಷರು ಎಲ್ಲಿ ಹೋದರು ಎಂದು ಕೇಳಿದ.

ಸಮಿತಿಯವರು ಕೂಡಲೇ ಕೆಲಸಕ್ಕೆ ಇಳಿದರು. ಸಾರ್ ನೀವು ಆಲದ ಮರ ಎಂದರು, ಬಡವರ ಬಂಧು ಎಂದರು, ನಿಮ್ಮಂಥ ಭಾಷಣಕಾರ ಈ ಸೀಮೆಯಲ್ಲಿಲ್ಲ ಎಂದರು. ಅಧ್ಯಕ್ಷರು ಕ್ಷೌರದ ಕುರ್ಚಿಯಲ್ಲಿ ಕೂತವರ ಹಾಗೆ ಕಣ್ಣು ಮುಚ್ಚಿ ಕಾದರು. ಹಿಮ್ಮಡಿ ಏಳಲಿಲ್ಲ. ಗುಮಾಸ್ತ ಮೊಣಕಾಲೂರಿ, ತಾಯಿಯ ಹೊಟ್ಟೆಯಲ್ಲೇ ನಾಯಕತ್ವ ಕಲಿತವರು ನೀವು ಎಂದ. ಆಗಲೂ ಇಲ್ಲ. ಅವರು ಕಣ್ಣು ತೆರೆದು ಒಬ್ಬೊಬ್ಬರ ಮುಖವನ್ನೇ ನೋಡಿದರು. ಇಷ್ಟು ವರ್ಷ ಹೇಳಿದ್ದೂ ಇದೇ ದನಿಯಲ್ಲೇ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಕೊನೆಗೆ ನನ್ನ ಕಡೆ ತಿರುಗಿದರು. ನನ್ನನ್ನು ನೋಡಲು ಅವರು ಮೊದಲ ಸಲ ಕತ್ತು ಮೇಲೆತ್ತಬೇಕಾಯಿತು.

“ಇದು ಯಾರ ಬಾಯಿ?” ಎಂದರು.

“ನಮ್ಮಮ್ಮಂದು ಸಾರ್. ಒಳಗೆ ತುಂಬಿಸಿದ್ದು ನಾನು.”

“ಹೋಗ್ಲಿ. ನೀನು ಯಾರನ್ನೂ ಹೊಗಳಿದ್ದು ನಾನು ಕೇಳಿಲ್ಲ. ನೀನು ಒಂದು ಒಳ್ಳೇ ಮಾತು ಹೇಳು. ಕೆಲಸ ನಿಂದು, ಇವತ್ತಿಂದಲೇ ಖಾಯಂ.”

ಫಿಲೋಮಿನಾ ಮಿಸ್ ಹಿಂದಿನಿಂದ ನನ್ನ ಸೊಂಟ ಚಿವುಟಿದರು. ಹೇಳುವುದು ಕಷ್ಟವಲ್ಲ, ಹಿಮಾಲಯ ಚೆನ್ನಾಗಿತ್ತು ಎಂದರೆ ಮುಗಿಯಿತು. ಆದರೆ ಎಂಟನೇ ತರಗತಿ ಪೂರ್ತಿ ನನ್ನ ಬಾಯಿ ನೋಡುತ್ತಿತ್ತು. ಅದೇ ಹಿಮಾಲಯವನ್ನು ದಾಕ್ಷಾಯಿಣಿಯ ಪ್ರಬಂಧದಿಂದ ಹೋದ ತಿಂಗಳಷ್ಟೇ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ. ಸಾರ್, ಇನ್ನೊಂದು ಸಲ ಓದುತ್ತೀರಾ ಎಂದು ಕೇಳಿದೆ.

ಯಾಕೆಂದು ಅವರು ಕೇಳಲಿಲ್ಲ. ಮೈಕು ಬಿಟ್ಟು, ಸಾಮಾನ್ಯ ದನಿಯಲ್ಲಿ, ಮಗ್ಗಿ ಒಪ್ಪಿಸುವವರ ಹಾಗೆ ಮೊದಲಿನಿಂದ ಓದಿದರು. ನಾನು ಅವರ ಪಕ್ಕ ನಿಂತು, ಪ್ರಬಂಧ ತಿದ್ದುವಾಗಿನ ಹಾಗೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೋದೆ. ಸೂರ್ಯ ಹೋಯಿತು, ಹೆಬ್ಬಾಗಿಲು ಹೋಯಿತು. ಹಿಮಾಲಯಕ್ಕೂ ವಂದನೆಗಳಿಗೂ ಮಧ್ಯೆ ಒಂದು ಕಡೆ ಬೆರಳು ನಿಂತಿತು.

“ಇದು ಚೆನ್ನಾಗಿದೆ ಸಾರ್” ಎಂದೆ. “ಈ ಸಾಲು. ‘ಈ ಕಟ್ಟಡಕ್ಕೆ ಇಟ್ಟಿಗೆ ಹೊರುವಾಗ ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ಮಲಗುತ್ತಿದ್ದೆ, ಆಚೆ ಕೋಣೆಯಲ್ಲಿ ಮಕ್ಕಳು ಓದುವುದು ಕೇಳಿ ನಿದ್ದೆ ಬರುತ್ತಿರಲಿಲ್ಲ.’ ಇದು ನಿಜವಾಗಲೂ ಚೆನ್ನಾಗಿದೆ.”

ಅವರ ಹಿಮ್ಮಡಿ ನೆಲ ಬಿಟ್ಟಿತು. ಒಂದು ಹೆಬ್ಬೆರಳಿನಷ್ಟು. ಪಂಚೆ ಎತ್ತಿ ಹಿಡಿದು ಅವರೇ ಬಗ್ಗಿ ನೋಡಿಕೊಂಡರು.

“ಇಷ್ಟೇನಾ?”

“ಒಂದೇ ಸಾಲಲ್ವಾ ಸಾರ್.”

“ಮಿಕ್ಕಿದ್ದು?”

“ಮಿಕ್ಕಿದ್ದು ಬೇಡ ಅಂತ ನನಗನ್ನಿಸ್ತದೆ” ಎಂದೆ. ನನ್ನದೇ ತಪ್ಪಿರಲೂಬಹುದು ಎಂದು ಸೇರಿಸಬೇಕೆಂದಿದ್ದೆ. ಸೇರಿಸಲಿಲ್ಲ.

“ಈ ಸಾಲು ನಂದು. ಮಿಕ್ಕಿದ್ದು ಇವನು ಬರೆದದ್ದು” ಎಂದು ಗುಮಾಸ್ತನ ಕಡೆ ಗಲ್ಲ ತೋರಿಸಿದರು. ಪೆಟ್ಟಿಗೆ ಆ ಸಾಲಿಗೂ ಬೈದಿತ್ತಲ್ಲ ಎಂದು ಯಾರನ್ನೂ ಕೇಳದೆ ಕೇಳಿದರು. ಹೌದು, ಎಲ್ಲಕ್ಕೂ ಬೈದಿತ್ತು, ಅದರಲ್ಲಿ ತಪ್ಪು ನನ್ನದು, ಬೈಯುವುದನ್ನು ಕಲಿಸಿದೆ, ಎಲ್ಲಿ ನಿಲ್ಲಿಸಬೇಕೆಂದು ಕಲಿಸಲು ನನಗೆ ತಿಳಿಯಲಿಲ್ಲ ಎಂದು ನಾನು ವಿವರಿಸತೊಡಗಿದೆ. ಅವರು ಕೈ ಅಡ್ಡ ಮಾಡಿ ನಿಲ್ಲಿಸಿದರು. ಜೇಬಿನಿಂದ ನನ್ನ ವರದಿ ತೆಗೆದು ನನ್ನ ಕೈಗೇ ಕೊಟ್ಟರು.

“ಪೆಟ್ಟಿಗೇನ ಲಾರಿ ಆಫೀಸಿಗೆ ಕಳಿಸಿ. ಡ್ರೈವರ್‌ಗಳಿಗೆ ಆಗ್ತದೆ. ಈಯಮ್ಮ ಇಲ್ಲೇ ಇರ್ಲಿ.”

ಪಂಚೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ಮೈದಾನ ದಾಟಿ ನಡೆದುಕೊಂಡೇ ಹೋದರು. ಅಭ್ಯಾಸ ತಪ್ಪಿದ್ದರಿಂದ ಆಗಾಗ ನಿಂತು ಯಾವ ಕಾಲು ಮುಂದಿಡಬೇಕೆಂದು ನೋಡಿಕೊಳ್ಳುತ್ತಿದ್ದರು. ಗುಮಾಸ್ತ ಹೆಗಲು ಕೊಡಲು ಓಡಿದ, ಅವರು ತೆಗೆದುಕೊಳ್ಳಲಿಲ್ಲ.

ನನ್ನ ಕೆಲಸ ಖಾಯಂ ಆಯಿತು. ಕೆಲಸ ಮಾತ್ರ ಮೊದಲಿನ ಹಾಗೆ ಉಳಿಯಲಿಲ್ಲ. ರಜೆ ಕಳೆದು ಶಾಲೆ ತೆರೆದ ದಿನವೇ ದಾಕ್ಷಾಯಿಣಿ ಎದ್ದು ನಿಂತು, ಅಧ್ಯಕ್ಷರಿಗೆ ಹುಡುಕಿಕೊಟ್ಟಿರಿ, ನಮ್ಮದರಲ್ಲೂ ಒಂದೊಂದು ಸಾಲು ಹುಡುಕಿಕೊಡಿ ಎಂದಳು. ಪ್ರಬಂಧಗಳ ಕಟ್ಟು ನನ್ನ ಮೇಜಿನ ಮೇಲೆ ಬಿತ್ತು. ಇದರಷ್ಟು ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಇಲ್ಲದ್ದನ್ನು ಇದೆ ಎಂದರೆ ಅವರು ಬಲೆಗೆ ಹೋಗಿ ತಗುಲುತ್ತಾರೆ, ಇದ್ದದ್ದನ್ನು ನೋಡದೆ ಬಿಟ್ಟರೆ ಮುಖ ಸಣ್ಣ ಮಾಡುತ್ತಾರೆ. ಒಂದೊಂದನ್ನು ಮೂರು ಮೂರು ಸಲ ಓದಿದೆ. ಒಬ್ಬೊಬ್ಬರೂ ಒಂದಿಷ್ಟು ಎದ್ದು, ಕೂತರು. ತಿಪ್ಪೇಶನದು ಕೊನೆಗೆ ಉಳಿಯಿತು. ವಿಷಯ ‘ನಮ್ಮ ಮನೆಯ ಹಸು’. ಹಸು ಒಂದು ಸಾಧು ಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ ಎಂದು ಗೈಡಿನಿಂದ ಇಳಿಸಿದ್ದ, ಅದನ್ನೂ ತಪ್ಪು ತಪ್ಪಾಗಿ. ಒಂದು ವಾರ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆ. ಏನೂ ಸಿಗಲಿಲ್ಲ ಎಂದು ಅವನಿಗೆ ಹೇಳುವುದೇ ಸರಿ ಎಂದು ತೀರ್ಮಾನಿಸಿಕೊಂಡು ತರಗತಿಗೆ ಹೋದವಳು, ಹೇಳುವ ಮುಂಚೆ ಇನ್ನೊಂದೇ ಸಲ ನೋಡೋಣ ಎಂದು ಹಾಳೆ ತಿರುಗಿಸಿದೆ. ಹಿಂದಿನ ಪುಟದಲ್ಲಿ, ಗೈಡು ಮುಗಿದ ಮೇಲೆ, ಜಾಗ ತುಂಬಿಸಲು ಇನ್ನೊಂದು ಸಾಲು ಬರೆದಿದ್ದ. ಗಟ್ಟಿಯಾಗಿ ಓದಿದೆ: ‘ನಮ್ಮ ಮನೆಯಲ್ಲಿ ಹಸು ಇಲ್ಲ, ಚಿಕ್ಕಪ್ಪ ಇದ್ದಾನೆ, ಅವನೂ ಮಧ್ಯಾಹ್ನದ ತನಕ ಏಳುವುದಿಲ್ಲ.’

ತರಗತಿ ನಕ್ಕಿತು. ಇದು ಚೆನ್ನಾಗಿದೆ ತಿಪ್ಪೇಶ ಎಂದೆ. ಅವನು ಬೆಂಚು ಬಿಟ್ಟು ಎದ್ದ. ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ಎದ್ದ. ಹೆಚ್ಚು ಹೇಳಿಬಿಟ್ಟೆನೇನೋ ಎಂದು ನನಗೆ ಭಯವಾಯಿತು. ಅಲ್ಲೇ ಗಾಳಿಯಲ್ಲಿ ಕಾಲಾಡಿಸುತ್ತಾ ಅವನು ಏನೋ ಯೋಚಿಸಿದ.

“ಮಿಸ್, ಚಿಕ್ಕಪ್ಪಂದು ಇನ್ನೂ ಐತೆ. ಬರೀಲಾ?”

ಬರಿ ಎಂದೆ. ಅವನನ್ನು ಇಳಿಸಲು ಯಾರೂ ಬೈಯಬೇಕಾಗಲಿಲ್ಲ. ಪೆನ್ನು ಕೆಳಗಿತ್ತು.